ಎರಡನೇ ಸೀಟು

ಯಾವ ಗಾಡಿಯನ್ನು ಕಂಡರೂ ಅವರು ಮೊದಲು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಎತ್ತಿನ ಗಾಡಿಯಾಗಲಿ, ಹಾಲಿನ ವ್ಯಾನಾಗಲಿ, ದೊಡ್ಡವರ ಕಾರಾಗಲಿ, ಎಲ್ಲಕ್ಕೂ ಒಂದೇ ಮರ್ಯಾದೆ. ಒಂದು ಕಣ್ಣು ಮುಚ್ಚಿ ಗಾಡಿಯ ಮೂತಿಯಿಂದ ಬಾಲದವರೆಗೆ ದೃಷ್ಟಿ ಓಡಿಸುವರು. ಆಮೇಲೆ ಎದ್ದು ತಗಡಿನ ಮೇಲೆ ಅಂಗೈ ಸವರಿ, "ತಗಡಿಗೆ ತನ್ನ ಗೆರಿ ಗೊತ್ತಿರ್ತೈತಿ ತಮ್ಮಾ. ನಾವ ನಡಕ ಕೈ ಹಾಕಿ ಕೆಡಸ್ತೀವಿ" ಅನ್ನುವರು. ಗಾಡಿಯ ಮಾಲೀಕ ಪಕ್ಕದಲ್ಲೇ ನಿಂತಿದ್ದರೂ ಲೆಕ್ಕಕ್ಕಿಲ್ಲ. ಒಮ್ಮೆ ಹಡಗಲಿಯ ಸಾಹುಕಾರರೊಬ್ಬರ ಹೊಸ ಕಾರನ್ನು ಹೀಗೇ ಸವರಿ, "ಹಿಂದಿಂದ ನೋಡಿದ್ರ ಕಾಳಿನ ಕಣಜ ಇದ್ದಂಗ ಐತ್ರಿ" ಅಂದುಬಿಟ್ಟರು. ಸಾಹುಕಾರರು ನನ್ನ ಅಂಗಡಿಯಲ್ಲಿ ನೋಡಿಟ್ಟಿದ್ದ ಬ್ಯಾಟರಿಯನ್ನೂ ಕೊಳ್ಳದೆ ಹೊರಟುಹೋದರು.

ನನ್ನದು ಕೊಟ್ಟೂರಿನಲ್ಲಿ, ಹರಪನಹಳ್ಳಿ ರಸ್ತೆಗೆ ಹೊಂದಿಕೊಂಡ ಸ್ಪೇರ್ ಪಾರ್ಟ್ಸ್ ಅಂಗಡಿ. ಗಾಡಿ ಸವರುವ ಈ ಅಣ್ಣನ ಶೆಡ್ಡು ನನ್ನ ಗೋಡೆಗೆ ಗೋಡೆ. ತೊಂಬತ್ತರ ದಶಕದ ನಡುವೆ ಎಲ್ಲೋ ಅವರು ಪುಣೆ ಬಿಟ್ಟು ಊರಿಗೆ ಬಂದು ಆ ಶೆಡ್ಡು ಹಿಡಿದರು. ಅಲ್ಲಿ ಯಾವುದೋ ಕಾರ್ಖಾನೆಯಲ್ಲಿ ಕಾರಿನ ತಗಡು ಬಡಿಯುತ್ತಿದ್ದರಂತೆ. ಊರಿಗೆ ಬಂದ ಮೇಲೆ ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿದರು, ಜೀಪಿಗೆ ಹುಡ್ ಹೊದಿಸಿದರು, ಗುದ್ದಿಸಿಕೊಂಡು ಬಂದ ಲಾರಿಗಳ ಮೂತಿ ನೆಟ್ಟಗೆ ಮಾಡಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು. ಆದರೆ ಯಾರಾದರೂ 'ಮೇಸ್ತ್ರಿ' ಎಂದು ಕರೆದರೆ ಅವರಿಗೆ ಸಿಟ್ಟು. "ನಾ ಡಿಜೈನರ್ ರೀ" ಅನ್ನುತ್ತಿದ್ದರು. ನಮ್ಮ ಊರಿನ ಜನಕ್ಕೆ ಇಷ್ಟು ಸಾಕಲ್ಲ. "ಡಿಜೈನರ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ" ಎಂದು ಚಹಾದಂಗಡಿಯವನಿಂದ ಹಿಡಿದು ಎಲ್ಲರೂ ಶುರು ಹಚ್ಚಿಕೊಂಡರು. ಅದು ಗೇಲಿ ಎಂದು ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ, ಬಿಟ್ಟ ದಾರಿಯಲ್ಲಿ ಗಂಭೀರವಾಗಿ ನಡೆದುಹೋಗುತ್ತಿದ್ದರು.

ಅವರಿಗೆ ಈ ಹುಚ್ಚು ಹತ್ತಿಸಿದವನು ಒಬ್ಬ ಅಮೆರಿಕದವ. ಅವನನ್ನು ಅವರು ಕಂಡಿದ್ದು ಪುಣೆಯ ರದ್ದಿ ಅಂಗಡಿಯಲ್ಲಿ ಸಿಕ್ಕ, ಮುಖಪುಟ ಹರಿದ ಒಂದು ಇಂಗ್ಲಿಷ್ ಮಾಸಿಕದಲ್ಲಿ. ಇಬ್ಬರೇ ಕೂರುವ, ನೆಲಕ್ಕೆ ತಗ್ಗಿದ, ಮೇಲೆ ಚಾವಣಿಯಿಲ್ಲದ ಓಟದ ಕಾರುಗಳ ಡಿಸೈನರ್ ಅವನು. ಸ್ಪೋರ್ಟ್ಸ್ ಕಾರು ಅನ್ನುತ್ತಾರಲ್ಲ, ಅಂಥವು. ನಾನು ಬಿ.ಎ. ಮೊದಲ ವರ್ಷದಲ್ಲೇ ಇಂಗ್ಲಿಷಿಗೆ ಕೈಮುಗಿದು ಅಂಗಡಿಯಲ್ಲಿ ಕೂತವನು. ಆದರೂ ಆ ಬೀದಿಗೆ ನಾನೇ ಪಂಡಿತ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಡಿಕ್ಷನರಿ ಇಟ್ಟುಕೊಂಡು ಆ ಮಾಸಿಕದ ಬರಹವನ್ನು ಅವರಿಗೆ ಓದಿ ಹೇಳಿದೆ. ಅವನ ಹೆಸರು ನಮ್ಮಿಬ್ಬರ ನಾಲಿಗೆಗೂ ಹೊರಳಲಿಲ್ಲ. 'ಅಮೆರಿಕದವ' ಎಂದೇ ಇಟ್ಟುಕೊಂಡೆವು.

ಅವನ ಅಪ್ಪ ಹೊಲದ ಯಂತ್ರಗಳ ರಿಪೇರಿಯವನು. ಮಗ ಗೋಡೆಯ ತುಂಬ ಕಾರು ಬರೆಯುತ್ತ ಬೆಳೆದು, ದೊಡ್ಡ ಕಂಪನಿಯೊಂದಕ್ಕೆ ಸೇರಿದ. ಅಲ್ಲಿ ವರ್ಷಗಟ್ಟಲೆ ಅವನಿಗೆ ಕೊಟ್ಟಿದ್ದು ಬಾಗಿಲ ಹಿಡಿಕೆ ಬರೆಯುವ ಕೆಲಸ. ಕೊನೆಗೊಮ್ಮೆ ತನ್ನದೇ ಒಂದು ಕಾರು ಮಾಡಲು ಬಿಟ್ಟರು. ಅವನು ಮಣ್ಣಿನಲ್ಲಿ ಅದರ ಆಕಾರ ಮಾಡಿ ನಿಲ್ಲಿಸಿದ. ಕಂಪನಿಯ ಹಿರಿಯರು ಬಂದು ಇಲ್ಲಿ ಎತ್ತರಿಸು, ಅಲ್ಲಿ ಅಗಲಿಸು ಎಂದರು. ಜಗಳವಾಯಿತು, ಮುನಿಸಾಯಿತು. ಅಂತೂ ಕಾರು ತಯಾರಾಗಿ, ಒಂದು ಬೆಳಿಗ್ಗೆ ಅವನು ತಾನೇ ಅದನ್ನು ರಸ್ತೆಗೆ ಇಳಿಸಿದ. ಪಕ್ಕದ ಸೀಟಿನಲ್ಲಿ ಕೂತಿದ್ದವರು... ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟ ಇರಲಿಲ್ಲ. ರದ್ದಿಯವನು ಅದರಲ್ಲಿ ಶೇಂಗಾ ಕಟ್ಟಿ ಯಾರಿಗೆ ಮಾರಿದ್ದನೋ.

ಆ ಹರಿದ ಪುಟ ಅವರಿಗೆ ಸಿಕ್ಕ ಆಸ್ತಿ. ಅಮೆರಿಕದವನ ಮುಂದಿನ ಬಾಳನ್ನು ತಮಗೆ ಬೇಕಾದ ಹಾಗೆ ಕಟ್ಟುತ್ತಿದ್ದರು. ಕೆಲಸ ಸಲೀಸಾಗಿ ಸಾಗಿದ ದಿನ, "ಆ ಕಾರು ಸಿಕ್ಕಾಪಟ್ಟಿ ಓಡಿತಂತ ತಮ್ಮಾ. ದೇಶದ ತುಂಬ ಅದಽ" ಅನ್ನುವರು. ಗಿರಾಕಿ ಬೈದು ಹೋದ ದಿನ ಅಮೆರಿಕದವನನ್ನು ಮತ್ತೆ ಬಾಗಿಲ ಹಿಡಿಕೆಗೆ ಕೂಡಿಸುವರು. ಆದರೆ ಪಕ್ಕದ ಸೀಟಿನಲ್ಲಿ ಕೂತಿದ್ದವರು ಯಾರು ಎಂಬುದರಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. "ಹೆಂಡ್ತಿ. ಮತ್ತ್ಯಾರು?"

ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ತವರು ಚಿಗಟೇರಿ. ಗಿಡ್ಡ ಆಳು, ಬಹಳ ಗಿಡ್ಡ. ತವರಿಗೆ ಹೋಗುವಾಗ ಬಸ್ಸಿನ ಸೀಟಿನಲ್ಲಿ ಕೂತರೆ ಕಾಲು ನೆಲ ಮುಟ್ಟದೆ ತೂಗಾಡುತ್ತಿದ್ದವು. ಊರು ತಲುಪುವಷ್ಟರಲ್ಲಿ ಮೀನಖಂಡ ಹಿಡಿದು, ಇಳಿದ ಮೇಲೆ ಕುಂಟುತ್ತ ನಡೆಯಬೇಕು. ಇವರು ಅದನ್ನು ನೋಡಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ ಕೇಳುವಂತೆ, "ಈ ಬಸ್ ಮಾಡಿದವಗ ಹೆಂಡ್ತಿ ಇದ್ದಿಲ್ಲೇನು?" ಎಂದು ಕೂಗಾಡುತ್ತಿದ್ದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಸುಮ್ನಿರ್ರೀ, ಮಂದಿ ನೋಡ್ತಾರ" ಎಂದು ನಗುವರು.

ಕಾನಹೊಸಹಳ್ಳಿ ಹತ್ತಿರ ಹೆದ್ದಾರಿಯಲ್ಲಿ ನುಜ್ಜುಗುಜ್ಜಾದ ಹಳೆಯ ಕಾರೊಂದರ ಚಾಸಿ ಮತ್ತು ಇಂಜಿನ್ನನ್ನು ಅವರು ಟ್ರೇಲರಿನಲ್ಲಿ ಹೇರಿಕೊಂಡು ಬಂದ ದಿನವೇ ನನಗೆ ಇದು ಎಲ್ಲಿಗೆ ಹೋಗುತ್ತದೆ ಎಂದು ಹೊಳೆಯಿತು. ಅಮೆರಿಕದವ ಮಣ್ಣಿನಲ್ಲಿ ಮಾಡಿದ್ದನಲ್ಲ, ಇವರಿಗೂ ಮಣ್ಣಾಗಬೇಕು. ಚಿಗಟೇರಿಯ ಮಾವನ ಹೊಲದಿಂದ ಎರೆಮಣ್ಣು ತರಿಸಿದರು. ಶೆಡ್ಡಿನ ನಡುವೆ ನಿಜ ಅಳತೆಯ ಕಾರಿನ ಆಕಾರ ಎದ್ದಿತು. ಒಣಗಿದ ಮೇಲೆ ನೋಡಿದರೆ ಬೇಸಿಗೆಯ ಎರೆಹೊಲ ಬಿರಿದ ಹಾಗೆ ಅಡ್ಡಡ್ಡ, ಉದ್ದುದ್ದ ಬಿರಿದಿತ್ತು. ಹುಟ್ಟಿದಾಗಿನಿಂದ ಎರೆ ನೆಲದ ಮೇಲೆ ನಡೆದಾಡಿದ ಮನುಷ್ಯನಿಗೆ ಅದು ಬಿರಿಯುತ್ತದೆ ಎಂದು ನೆನಪಾಗಲಿಲ್ಲವಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. ಅವರು ಎರಡು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ.

ಆಮೇಲೆ ಅಕ್ಕ ಬಂದರು. ಸೀರೆಯ ನೆರಿಗೆ ಎತ್ತಿ ಕಟ್ಟಿ, "ಮಣ್ಣಿನ ಕೆಲಸ ನಿಮಗೇನ್ ಗೊತ್ತೈತ್ರಿ, ಸರೀರಿ ಆಕಡಿ" ಎಂದು ಗಂಡನನ್ನು ಪಕ್ಕಕ್ಕೆ ತಳ್ಳಿದರು. ಮನೆಯ ಗೋಡೆ ಮೆತ್ತಿ ಪಳಗಿದ ಕೈ. ಸಗಣಿ, ಹೊಟ್ಟು ಕಲಸಿ, ತುಳಿದು, ಕೊಳೆಸಿ, ಮತ್ತೆ ಮೆತ್ತಿದರು. ಇಡೀ ಕಾರನ್ನು ಅಕ್ಕ ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದರು. ಇವರು ಒಂದು ಕಣ್ಣು ಮುಚ್ಚಿಕೊಂಡು ಸುತ್ತ ತಿರುಗುತ್ತ, "ಹಿಂದಿನ ಗಾಲಿ ಮ್ಯಾಲ ಉಬ್ಬು ಜಾಸ್ತಿ ಆತು" ಅನ್ನುವರು. "ಬರೋಬರಿ ಐತಿ, ಸುಮ್ನಿರ್ರಿ" ಅನ್ನುವರು ಅಕ್ಕ. ಆ ಉಬ್ಬು ಹಾಗೇ ಉಳಿಯಿತು. ತಗಡು ಬಡಿಯುವಾಗಲೂ ಅವರು ಅದನ್ನು ಒಂದು ಕೂದಲಿನಷ್ಟೂ ಬದಲಿಸಲಿಲ್ಲ. "ಅಮೆರಿಕದವಗ ಇಂಥಾ ಕೈ ಸಿಕ್ಕಿದ್ದಿಲ್ಲ ತಮ್ಮಾ" ಎಂದು ನನಗೆ ಗುಟ್ಟಿನಲ್ಲಿ ಹೇಳಿದ್ದರು.

ಸೀಟು ಮಾಡಿದ ಬಗೆ ಇನ್ನೂ ಚೆಂದ. ಶೆಡ್ಡಿನ ಹಿಂದೆ ಹಸಿ ಮರಳು ಗುಡ್ಡೆ ಹಾಕಿ, ಅದರ ಮೇಲೆ ಅಕ್ಕನನ್ನು ಕೂಡಿಸಿದರು. ಬೆನ್ನು ಹೀಂಗ ಒರಗು, ಕಾಲು ಹಾಂಗ ಚಾಚು, ಇನ್ನಷ್ಟು ಅದುಮಿ ಕುಂದ್ರು ಎಂದು ಸತಾಯಿಸಿದರು. "ಏನ್ ಹುಚ್ಚಾಟ್ರೀ ಇದು, ಸೀರಿ ತೊಯ್ತು" ಎಂದು ಅಕ್ಕ ನಗುತ್ತ ಎದ್ದರು. ಮರಳಿನಲ್ಲಿ ಉಳಿದ ಗುಣಿಯ ಅಳತೆ ತೆಗೆದು ಎರಡನೇ ಸೀಟು ಮಾಡಿದರು. ಅದನ್ನು ನೋಡಿ ನಾನು, ದಪ್ಪ ಹೊಟ್ಟೆಯವನು, "ಅಣ್ಣಾ, ಒಮ್ಮಿ ಕುಂತು ನೋಡ್ಲೇನು?" ಅಂದೆ. "ನೀ ಕುಂತ್ರ ಗುಣಿ ಕೆಡತೈತಿ. ಮೊದಲ ಅಕಿ ಕುಂದ್ರಬೇಕು, ಆಮ್ಯಾಲ ಊರ ಮಂದಿ ಎಲ್ಲಾ ಕುಂದರ್ಲಿ" ಅಂದರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ನೆನೆದರೆ ಸಂಕಟವಾಗುತ್ತದೆ.

ಹೊಟ್ಟೆಪಾಡಿನ ಕೆಲಸದ ಸಂದಿಯಲ್ಲಿ ತಗಡು ಬಡಿಯುತ್ತ ವರ್ಷಗಳು ಹೋದವು. ಅಂತೂ ಕಾರು ಎದ್ದು ನಿಂತಿತು. ಒಣಮೆಣಸಿನಕಾಯಿಯ ಕೆಂಪು. ಸೀಟುಗಳ ಹಿಂದೆ, ತಲೆಗಿಂತ ಎತ್ತರಕ್ಕೆ, ಕಮಾನಿನಂತೆ ಬಗ್ಗಿಸಿದ ಒಂದು ಪೈಪು. ಕಾರು ಮಗುಚಿದರೆ ತಲೆ ಉಳಿಯಲಿ ಎಂದು ಅಮೆರಿಕದವನೂ ಹಾಕಿದ್ದನಂತೆ. ನಾನು ಗಾಡಿಗಳ ನಡುವೆಯೇ ಬದುಕಿದವನು. ಅಷ್ಟು ಚೆಂದದ ವಾಹನವನ್ನು ಇವತ್ತಿಗೂ ನೋಡಿಲ್ಲ. ಇದನ್ನು ಗೆಳೆತನದ ಮಾತು ಎಂದುಕೊಳ್ಳುವವರು ಎಂದುಕೊಳ್ಳಲಿ.

ಇನ್ನು ಆ ದಿನದ್ದನ್ನು ಹೇಳಲೇಬೇಕು. ಅದಕ್ಕೆ ಮೊದಲು ಒಂದು ಮಾತು. ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತಾರೆ. ಬಿದಿರಿನ ಪೀಠ ಕಟ್ಟಿ, ಅದರ ಹಿಂದೆ ಕಮಾನು ನಿಲ್ಲಿಸಿ, ಬಾಳೆಗಿಡ, ಚೆಂಡುಹೂವು ಕಟ್ಟಿ ಸಿಂಗರಿಸುತ್ತಾರೆ. ಅದಕ್ಕೆ ವಿಮಾನ ಎನ್ನುತ್ತೇವೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಮಾಲೆ ಹಾಕಿ, ತೀರಿಕೊಂಡವರನ್ನು ಅದರಲ್ಲಿ ನೆಟ್ಟಗೆ ಕೂಡಿಸುತ್ತಾರೆ. ಮುಂದೆ ಭಜನೆ ನಡೆಯುತ್ತದೆ. ಬಜಾರಿನಲ್ಲಿ ಹಾಯ್ದುಹೋಗುವಾಗ ಅಂಗಡಿಯವರು ಶಟರನ್ನು ಅರ್ಧ ಎಳೆದು ಕೈಮುಗಿಯುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಕಾರಿನ ಪೂಜೆ. ಯೋಜನೆ ಹೀಗಿತ್ತು. ಅಕ್ಕ ಮೊದಲೇ ಹೋಗಿ ಗುಡಿಯ ಮುಂದೆ ಆರತಿ ಹಿಡಿದು ನಿಂತಿರುವುದು. ಇವರು ಬಜಾರಿನಲ್ಲಿ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುವುದು. ಅಕ್ಕ ಆರತಿ ಎತ್ತಿ, ಎರಡನೇ ಸೀಟಿನಲ್ಲಿ ಕೂತು, ಇಬ್ಬರೂ ಮನೆಗೆ ಬರುವುದು. ಓಣಿಯ ಜನ ಬಾಳೆಗಿಡ, ಚೆಂಡುಹೂವಿನ ಸರ ತಂದರು. ವಾಹನದ ಮೂತಿಗೆ ಕಟ್ಟುವುದು ಪದ್ಧತಿ. ಇವರು ಅಡ್ಡ ಬಂದರು. "ಮುಂದ ಕಟ್ಟಬ್ಯಾಡ್ರಪೋ, ಪೇಂಟಿಗೆ ಗೀರು ಬೀಳತೈತಿ. ಹಿಂದ ಪೈಪಿಗೆ ಕಟ್ರಿ." ಅವರು ಹೇಳಿದ್ದು ಅಷ್ಟೇ. ಪೇಂಟಿನ ಮೇಲಿನ ಪ್ರೀತಿಯಿಂದ ಹೇಳಿದ್ದು. ಅಲ್ಲಿದ್ದ ಒಬ್ಬರಿಗೂ, ನನಗೂ, ಏನೂ ಹೊಳೆಯಲಿಲ್ಲ. ಓಣಿಯ ಭಜನೆಯವರು ತಾಳ ಹಿಡಿದು ಮುಂದೆ ನಿಂತರು. ಯಾರೋ ಕಾರಿನಲ್ಲಿ ಕೂತ ಅವರ ಕೊರಳಿಗೂ ಒಂದು ಮಾಲೆ ಹಾಕಿದರು. ಹಣೆಯ ತುಂಬ ವಿಭೂತಿ ಇದ್ದೇ ಇತ್ತು.

ಬಜಾರಿನ ತಿರುವಿನಲ್ಲಿ ಇಂಜಿನ್ ನಿಂತುಹೋಯಿತು. ಎಷ್ಟು ಕೀಲಿ ತಿರುವಿದರೂ ಕೆಮ್ಮಿತೇ ವಿನಾ ಚಾಲೂ ಆಗಲಿಲ್ಲ. "ಗುಡಿ ತನ ನೂಕ್ರಿ" ಅಂದರು. ಆಚೀಚೆ ನಾಲ್ಕು ಜನ ಕೈಕೊಟ್ಟು ನಿಧಾನಕ್ಕೆ ನೂಕತೊಡಗಿದರು. ಮುಂದೆ ಭಜನೆ, ಹಿಂದೆ ಹೂವಿನ ಕಮಾನು, ನಡುವೆ ಮಾಲೆ ಹಾಕಿಕೊಂಡು, ನೋಡುವವರಿಗೆ ಸ್ಟೇರಿಂಗ್ ಕಾಣದಷ್ಟು ತಗ್ಗಿನಲ್ಲಿ, ಅವಮಾನಕ್ಕೆ ಕಲ್ಲಿನಂತಾಗಿ ನೆಟ್ಟಗೆ ಕೂತ ಅವರು. ಮಿಠಾಯಿ ಅಂಗಡಿಯವನು ಗಲ್ಲೆಯಿಂದ ಎದ್ದು ಶಟರನ್ನು ಅರ್ಧ ಎಳೆದು ಕೈಮುಗಿದ. ಅವನನ್ನು ನೋಡಿ ಪಕ್ಕದವನೂ ಎಳೆದ. ಮುದುಕರೊಬ್ಬರು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದು, "ನಿನ್ನೆ ಚಲೋ ಇದ್ರಲ್ಲಪಾ, ಏನಾಗಿತ್ತು?" ಅಂದರು.

"ನಾ ಸತ್ತಿಲ್ರೀ" ಎಂದು ಅವರು ಕಾರಿನೊಳಗಿಂದಲೇ ಕತ್ತು ತಿರುಗಿಸಿ ಅಂದರು. ಮುದುಕರು ಬೆಚ್ಚಿ ಹಿಂದಕ್ಕೆ ಜಿಗಿದರು. ಒಂದು ಗಳಿಗೆ ಬಜಾರೆಲ್ಲ ಸ್ತಬ್ಧವಾಯಿತು, ಆಮೇಲೆ ನಗು ಎದ್ದಿತು. ಆ ನಗು ಅಂಗಡಿಯಿಂದ ಅಂಗಡಿಗೆ ಹಬ್ಬುತ್ತ ನಮಗಿಂತ ಮುಂದೆ ಓಡಿತು. ಆದರೆ ಗುಡಿಯವರೆಗೆ ಅದು ಮುಟ್ಟಲಿಲ್ಲ. ಅಲ್ಲಿ ಆರತಿ ಹಿಡಿದು ನಿಂತಿದ್ದ ಅಕ್ಕನಿಗೆ ದೂರದಿಂದ ಕಂಡಿದ್ದು ಗಂಡನ ಮುಖ, ವಿಭೂತಿ, ಮಾಲೆ, ತಲೆಯ ಮೇಲೆ ಹೂವಿನ ಕಮಾನು, ಮುಂದೆ ಭಜನೆ. ನಾವು ಹತ್ತಿರ ಹೋದಾಗ ಆರತಿ ತಟ್ಟೆ ಕಟ್ಟೆಯ ಮೇಲಿತ್ತು. ಅಕ್ಕ ಕಂಬ ಹಿಡಿದುಕೊಂಡು ನಡುಗುತ್ತಿದ್ದರು. ಗಂಡ ಕಾರಿನಿಂದ ಇಳಿದು ಬಂದು ಕೈ ಮುಟ್ಟಿದ ಮೇಲೂ ಆ ನಡುಕ ನಿಲ್ಲಲಿಲ್ಲ. ಅಕ್ಕ ಮನೆಗೆ ನಡೆದುಹೋದರು. ಎರಡನೇ ಸೀಟು ಖಾಲಿ ಉಳಿಯಿತು.

ಊರಿನ ಜನ ನಗುವುದನ್ನು ಒಂದು ದಿನ ಮರೆಯುತ್ತಾರೆ. ನಕ್ಕವರೇ ನಾಲ್ಕು ದಿನದಲ್ಲಿ ಅಂಜಲು ಶುರು ಮಾಡಿದರು, ಅದು ಕೆಟ್ಟದ್ದು. ಬದುಕಿರುವವರು ವಿಮಾನದಲ್ಲಿ ಕೂತು ಬಜಾರಿನಲ್ಲಿ ಬಂದರು, ಇದು ಒಳ್ಳೆಯದಲ್ಲ ಎಂದು, ತಿಳಿದವರು ಅನ್ನಿಸಿಕೊಂಡವರೂ ಮನೆ ಬಾಗಿಲಿಗೆ ಬಂದು ಅಕ್ಕನಿಗೆ ಹೇಳಿಹೋದರು. ಮುತ್ತೈದೆ ಅದರಲ್ಲಿ ಗಂಡನ ಪಕ್ಕ ಕೂರಲೇಬಾರದು ಎಂದೂ ಸೇರಿಸಿದರು. ಅವರ ನಾಲಿಗೆಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮದುವೆ ಮೆರವಣಿಗೆಗೆ ಕಾರು ಕೇಳಿಕೊಂಡು ಬಂದಿದ್ದ ಹಗರಿಬೊಮ್ಮನಹಳ್ಳಿಯವರು ಮತ್ತೆ ಈ ಕಡೆ ಸುಳಿಯಲಿಲ್ಲ.

ನಾನೂ ಅಕ್ಕನಿಗೆ ಹೇಳಿ ನೋಡಿದೆ. "ಅಕ್ಕಾ, ಮಂದಿ ಮಾತು ತಲಿಗೆ ಹಾಕ್ಕೋಬ್ಯಾಡ್ರಿ."

"ಮಂದಿ ಮಾತಿಗಲ್ಲಪಾ" ಅಂದರು ಅಕ್ಕ. "ನಾ ಕಣ್ಣಾರೆ ನೋಡೀನಿ ಅವ್ರನ್ನ ಹಂಗ. ಬಾಜು ಕುಂತು ಅದನ್ನ ಖರೆ ಮಾಡ್ಲೇನು?"

ಒಂದು ಗೆರೆ ಬದಲಿಸು ಎಂದರೆ ಗಿರಾಕಿಯನ್ನೇ ಅಟ್ಟುತ್ತಿದ್ದ ಮನುಷ್ಯ, ಒಂದು ಮಧ್ಯಾಹ್ನ ಗ್ಯಾಸ್ ಕಟ್ಟರ್ ಹಿಡಿದು ಆ ಪೈಪಿನ ಕಮಾನನ್ನು ಬುಡಕ್ಕೆ ಕತ್ತರಿಸಿ ಹಾಕಿದರು. ಕತ್ತರಿಸಿದ ಜಾಗಕ್ಕೆ ಪುಟ್ಟಿ ಬಳಿದು, ಬಣ್ಣ ಹೊಡೆದು, ಅಕ್ಕನನ್ನು ಕರೆತಂದು ತೋರಿಸಿದರು. "ಈಗ ನೋಡು. ಬರೇ ಕಾರು." ಅಕ್ಕ ಬಹಳ ಹೊತ್ತು ನೋಡಿದರು. ತಾವೇ ಸವರಿದ್ದ ಹಿಂದಿನ ಗಾಲಿಯ ಉಬ್ಬಿನ ಕಡೆ ಕೈ ಚಾಚಿದ ಹಾಗೆ ಮಾಡಿ, ಮುಟ್ಟದೆ, ಕೈ ಹಿಂದಕ್ಕೆ ತೆಗೆದುಕೊಂಡು ಹೋದರು.

ಆಮೇಲೆ ಕೆಲವು ವರ್ಷ ಅವರು ಕಾರನ್ನು ಒಬ್ಬರೇ ಓಡಿಸಿದರು. ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಹೋಗಿ ಬರುವರು. ಪಕ್ಕದ ಸೀಟಿನ ಮೇಲೆ ಧೂಳು ಕೂರದಂತೆ ಒಂದು ಟವೆಲ್ ಹಾಸಿರುತ್ತಿದ್ದರು. ಬರುಬರುತ್ತ ಅದಿರಿನ ಲಾರಿಗಳು ಹೆಚ್ಚಾಗಿ ರಸ್ತೆಗಳು ಕಿತ್ತುಹೋದವು. ತಗ್ಗಿನ ಕಾರು, ಪ್ರತಿ ಗುಂಡಿಗೂ ಹೊಟ್ಟೆ ಉಜ್ಜುತ್ತಿತ್ತು. ಎತ್ತರಿಸಿ ಎಂದು ನಾನೇ ಹೇಳಿದೆ. "ಎತ್ತರ ಮಾಡಿದ್ರ ಅಕಿಗೆ ಹತ್ತಾಕ ಬರೂದಿಲ್ಲ" ಅಂದರು. ಕಾರನ್ನು ಶೆಡ್ಡಿನ ಮೂಲೆಗೆ ನೂಕಿ ತಾಡಪತ್ರಿ ಹೊದಿಸಿದರು.

ಹರಪನಹಳ್ಳಿಯಿಂದ ಸಮಾಜದ ಹಿರಿಯರು ಕೆಲವರು ಅವರನ್ನು ಹುಡುಕಿಕೊಂಡು ಬಂದಿದ್ದು ಇದಕ್ಕೂ ಮೊದಲೇ. "ಹೆಗಲು ಕೊಡೋ ಮಂದಿ ಕಡಿಮಿ ಆಗ್ಯಾರ್ರಿ. ಕಬ್ಬಿಣದ್ದು, ಗಾಲಿ ಇದ್ದದ್ದು, ಒಂದು ವಿಮಾನ ಮಾಡಿಕೊಡ್ರಿ. ನೀವು ಮಾಡಿದ್ದು ನಾವು ಕೇಳೀವಿ" ಅಂದರು. ಪಾಪ, ಅವರು ಗೇಲಿ ಮಾಡಿರಲಿಲ್ಲ, ಆ ಕಾರು ವಿಮಾನವೇ ಎಂದು ನಿಜವಾಗಿ ನಂಬಿ ಬಂದಿದ್ದರು. ಇವರು 'ಎದ್ದು ಹೋಗ್ರಿ' ಎಂದು ಅಟ್ಟಿದರು. ಆದರೆ ಕಾಲ ಹಾಗೇ ಇರುವುದಿಲ್ಲವಲ್ಲ. ಕಾರ್ಖಾನೆಯ ಸಿದ್ಧ ಟ್ರೇಲರುಗಳು ಬಂದವು. ಕಟ್ಟಿಸುವವರು ಇಲ್ಲವಾದರು. ಅವರ ಒಬ್ಬಳೇ ಮಗಳ ಮದುವೆ ಅದೇ ಹೊತ್ತಿಗೆ ಗೊತ್ತಾಯಿತು. ಹರಪನಹಳ್ಳಿಯವರು ಮತ್ತೊಮ್ಮೆ ಬಂದಾಗ ಅವರು ತಲೆ ತಗ್ಗಿಸಿ, "ಆತು" ಅಂದರು.

ಒಪ್ಪಿಕೊಂಡ ಮೇಲೆ ಅರೆಮನಸ್ಸಿನಿಂದ ಮಾಡುವುದು ಅವರ ಜಾಯಮಾನವಲ್ಲ. ಅದರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿದರು. ಸದ್ದಾಗದಂತೆ ರಬ್ಬರ್ ಗಾಲಿ ಹಾಕಿದರು. ಬೆನ್ನು ಒರಗಲು ಸರಿಯಾದ ಬಾಗು ಕೊಟ್ಟರು, ಕತ್ತು ವಾಲದಂತೆ ಎರಡು ಕಡೆ ಆನಿಕೆ ಕೊಟ್ಟರು. ಆ ಆನಿಕೆಯ ಎತ್ತರ ನೋಡಲು ಒಂದು ದಿನ ತಾವೇ ಅದರಲ್ಲಿ ಹತ್ತಿ ಕೂತಿದ್ದಾಗ ಅಕ್ಕ ಬುತ್ತಿ ತಂದರು. ನಾನೂ ಅಲ್ಲೇ ಇದ್ದೆ.

"ಇಳೀರಿ" ಅಂದರು ಅಕ್ಕ.

"ಅಳತಿ ನೋಡಾಕತ್ತೀನಿ."

"ಇಳೀರಿ ಅಂದೆ."

"ನಾ ಮಾಡಿದ ಕಾರಿನ್ಯಾಗ ನೀ ಕುಂದ್ರಲಿಲ್ಲ. ಹೆಣದ ಗಾಡ್ಯಾಗ ನಾನರ ಕುಂದರ್ತೀನಿ ಬಿಡು."

ಅಕ್ಕ ಬುತ್ತಿ ಇಟ್ಟು ನೆಲಕ್ಕೆ ಕುಸಿದರು. "ನಿಮ್ಮ ಜೀವಕ್ಕ ಅಂಜಿ ಕುಂದ್ರಲಿಲ್ರೀ ನಾ. ನನ್ನ ಜೀವಕ್ಕಲ್ಲ." ಅಷ್ಟು ವರ್ಷ ಒಳಗೆ ಹಿಡಿದಿಟ್ಟದ್ದೆಲ್ಲ ಅಳುವಾಗಿ ಹೊರಬಂತು. ಅವರು ಇಳಿದು ಬಂದು ಹೆಂಡತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ನಾನು ಎದ್ದು ನನ್ನ ಅಂಗಡಿಗೆ ಬಂದೆ.

ಹರಪನಹಳ್ಳಿಯದನ್ನು ನೋಡಿ ಹಡಗಲಿಯವರು ಕೇಳಿದರು. ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊನೆಗೆ ನಮ್ಮ ಕೊಟ್ಟೂರು. ಒಬ್ಬ ಡಿಸೈನರ್ ಮಾಡಿದ ವಾಹನ ಐದು ಊರುಗಳಲ್ಲಿ ಓಡಿತು. ಇದನ್ನು ನಾನು ಒಮ್ಮೆ ತಮಾಷೆಗೆ ಹೇಳಿದೆ. ಅವರು ನಗಲಿಲ್ಲ, ನಾನು ಹೇಳಬಾರದಿತ್ತು.

ಬಣ್ಣದ ಹೊಗೆ ಕುಡಿದು ಅವರ ಎದೆ ಹಾಳಾಗಿತ್ತು. ಕೊನೆಯ ಚಳಿಗಾಲದಲ್ಲಿ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತಿದ್ದರು. ಗಾಡಿಗಳು ಬಂದು ನಿಂತರೂ ಎದ್ದು ಹೋಗಿ ಸವರುವುದಿಲ್ಲ. ಮಾತಿಗೆಳೆಯಲು ನಾನೇ ಅಮೆರಿಕದವನ ಸುದ್ದಿ ತೆಗೆದೆ. ಬಹಳ ದಿನಗಳ ಮೇಲೆ ಅವರು ಅವನ ಬಾಳನ್ನು ಇನ್ನೊಮ್ಮೆ ಕಟ್ಟಿದರು. ಈ ಸಲ ಕಾರು ದೇಶದ ತುಂಬ ಓಡಲಿಲ್ಲ. ಕಂಪನಿಯವರು ಅದನ್ನು ಮೂಲೆಗೆ ನೂಕಿದರು. "ಕಡೀಕ ಅವನೂ ಹೆಣದ ಗಾಡಿ ಮಾಡಿದ ತಮ್ಮಾ" ಅಂದರು.

"ಬಾಜು ಸೀಟಿನ್ಯಾಗ ಹೆಂಡ್ತಿ ಕುಂತಿದ್ಲಲ್ಲ ಅಣ್ಣಾ?" ಅಂದೆ.

"ಯಾರೂ ಕುಂತಿದ್ದಿಲ್ಲ. ಆ ಹಾಳಿ ಹರದಿದ್ದ ಚಲೋ ಆತು."

ಅವರು ಹೋದ ದಿನ ಅವರು ಮಾಡಿದ ವಿಮಾನದಲ್ಲೇ ಅವರನ್ನು ಕೂಡಿಸಿದರು. ಬೇರೆ ಇರಲಿಲ್ಲ. ಗಾಲಿ ಸದ್ದು ಮಾಡಲಿಲ್ಲ, ಕತ್ತು ವಾಲಲಿಲ್ಲ. "ಎಷ್ಟ್ ಚಂದ ಕುಂತಾರ ನೋಡ್ರಿ, ಜೀವ ಇದ್ದಂಗ ಅದಾರ" ಎಂದು ಜನ ಹೊಗಳಿದರು. ಅವರ ಕೈಕೆಲಸವನ್ನು ಊರು ಬಾಯಿತುಂಬ ಹೊಗಳಿದ್ದನ್ನು ನಾನು ಕೇಳಿದ್ದು ಅವತ್ತು. ಬಜಾರಿನಲ್ಲಿ ಮಿಠಾಯಿ ಅಂಗಡಿಯವನು ಶಟರನ್ನು ಅರ್ಧ ಎಳೆದ. ಈ ಸಲ ಅವನು ತಪ್ಪು ಮಾಡಿರಲಿಲ್ಲ.

ಕೆಲವು ತಿಂಗಳ ಮೇಲೆ ಶೆಡ್ಡು ಖಾಲಿ ಮಾಡಬೇಕಾಗಿ ಬಂತು. ಕಾರನ್ನು ಗುಜರಿಗೆ ಹಾಕುವುದೆಂದು ಮಗಳು, ಅಳಿಯ ನಿಶ್ಚಯಿಸಿದರು. ಕೇಳುವವರು ಯಾರೂ ಇಲ್ಲದ ಕಾರು, ಅವರದ್ದೇನೂ ತಪ್ಪಿಲ್ಲ. ಗುಜರಿಯವನು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದ. ಎಳೆಯುವಾಗ ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕು. ನಾನೇ ಹೊಟ್ಟೆ ಹಿಡಿದುಕೊಂಡು ಹೇಗೋ ಒಳಗೆ ಇಳಿದೆ. ಅಷ್ಟರಲ್ಲಿ ಅಕ್ಕ ಬಂದರು. ಹಣೆಯಲ್ಲಿ ಬರೀ ವಿಭೂತಿ, ಕೈ ಬೋಳು. ಸೀದಾ ಹಿಂದಿನ ಗಾಲಿಯ ಹತ್ತಿರ ಹೋಗಿ, ಧೂಳಿನ ಮೇಲೆಯೇ ಆ ಉಬ್ಬನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಎರಡನೇ ಸೀಟಿನ ಕಡೆ ಬಂದು ನಿಂತರು.

"ಇದರ ಬಾಗಲಾ ಹೆಂಗ ತಗೀತಾರಪಾ?"

"ಅಕ್ಕಾ, ಗುಜರಿಗೆ ಒಯ್ಯಾಕತ್ತೀವಿ."

"ಗೊತ್ತೈತಿ. ತಗಿ. ಇನ್ನ ಯಾರಿಗೇನ ಆಗಬೇಕೈತಿ? ನಾ ಕುಂತ್ರ ಅವ್ರಿಗೆ ಏನರ ಆದೀತಂತ ಕುಂದ್ರಲಿಲ್ಲ. ಕುಂದ್ರದಿದ್ರೂ ಆತಲ್ಲಪಾ."

ಒಳಗಿಂದ ಕೈ ಚಾಚಿ ಬಾಗಿಲು ತೆಗೆದೆ. ಟವೆಲ್ ಸರಿಸಿ ಅಕ್ಕ ಕೂತರು. ಗುಜರಿಯವನು ನನ್ನ ಮುಖ ನೋಡಿದ. 'ನಡಿ' ಎಂದು ಸನ್ನೆ ಮಾಡಿದೆ. ಟ್ರ್ಯಾಕ್ಟರ್ ಜಗ್ಗಿತು. ಕಾರು ಹೊರಟಿತು.

ಬಜಾರಿನಲ್ಲಿ ಯಾರೂ ನಗಲಿಲ್ಲ. ಮಿಠಾಯಿ ಅಂಗಡಿಯವನು ಎದ್ದು ಶಟರಿಗೆ ಕೈ ಹಾಕಿದವನು, ಎಳೆಯಬೇಕೋ ಬೇಡವೋ ತಿಳಿಯದೆ ಹಾಗೇ ನಿಂತ. ಅಕ್ಕ ಆ ಕಡೆ ನೋಡಲಿಲ್ಲ. ತಮ್ಮ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು.

"ಕಾಲು ನೆಲಕ್ಕ ಮುಟ್ಟತಾವಪಾ" ಅಂದರು.

ನಾನು ಮುಂದೆ ಹಗ್ಗದ ಮೇಲೆಯೇ ಕಣ್ಣಿಟ್ಟಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಮತ್ತೆ, "ಇಷ್ಟ್ ಕೆಳಗ ಕುಂತ್ರ ಊರು ಬ್ಯಾರೇನ ಕಾಣತೈತಲ್ಲ. ಅವ್ರು ಹಿಂಗ ನೋಡ್ತಿದ್ರೇನು?" ಅಂದರು. ಗುಂಡಿಯೊಂದನ್ನು ತಪ್ಪಿಸಲು ನಾನು ಸ್ಟೇರಿಂಗ್ ಹೊರಳಿಸಿದೆ.

ಗುಜರಿಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತು. ಸುತ್ತ ತುಕ್ಕು ಹಿಡಿದ ತಗಡು, ಮುರಿದ ಟ್ರೇಲರುಗಳು. ಅವುಗಳಲ್ಲಿ ಕೆಲವು ಅವರೇ ಕಟ್ಟಿದ್ದು. ನಾನು ಕಷ್ಟಪಟ್ಟು ಹೊರಗೆ ಬಂದೆ.

"ಆತೇನಪಾ?" ಅಂದರು ಅಕ್ಕ. "ಇಷ್ಟ ದೂರನಽ?"

"ಇಷ್ಟ ಅಕ್ಕಾ."

ಗುಜರಿಯವನು ಹಗ್ಗ ಬಿಚ್ಚಿ ಸುತ್ತಿಕೊಂಡ. ಅಕ್ಕ ಇಳಿಯಲಿಲ್ಲ.